ವುಡಿ ಗಥ್ರಿ ಹಾಡದೇ ಉಳಿಸಿದ ಪದಗಳು



ಅಮೆರಿಕದ ವುಡಿ ಗಥ್ರಿಯವರ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತು. ಬಾಬ್ ಡಿಲನ್ ಗುರುವೆಂದು ಭಾವಿಸಿದ ಗಾಯಕ. ಹುಟ್ಟಿದ್ದು 1912ರಲ್ಲಿ, ಓಕ್ಲಹೋಮಾದ ಒಂದು ಸಣ್ಣ ಊರಿನಲ್ಲಿ. ಹಂಟಿಂಗ್ಟನ್ ಎಂಬ ನರರೋಗ ಕೊನೆಗೆ ಅವರ ಬಾಯಿಂದ ಮಾತನ್ನೂ ಕಸಿದುಕೊಂಡಿತು. 1967ರಲ್ಲಿ ತೀರಿಕೊಂಡರು.

ಇವತ್ತು ನಾನು ಹೇಳಹೊರಟಿರುವುದು ಅವರು ಹಾಡಿದ ಹಾಡುಗಳ ವಿಷಯವಲ್ಲ. ಹಾಡದೇ ಉಳಿಸಿದ ಪದಗಳ ವಿಷಯ. ಅಂಥವು ಸಾವಿರಕ್ಕೂ ಹೆಚ್ಚಿದ್ದವು. ನೋಟ್‌ಬುಕ್ಕಿನಲ್ಲಿ, ಬಿಡಿ ಹಾಳೆಗಳಲ್ಲಿ, ಕೆಲವು ಟೈಪ್ ಮಾಡಿ, ಕೆಲವು ಕೈಯಲ್ಲಿ ಬರೆದು ಇಟ್ಟಿದ್ದರು. ಸ್ವರಲಿಪಿ ಮಾತ್ರ ಎಲ್ಲೂ ಇಲ್ಲ. ಮಟ್ಟುಗಳನ್ನು ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದ ಮನುಷ್ಯ. ಅವರ ಜೊತೆಗೆ ಮಟ್ಟೂ ಹೋಯಿತು.

1990ರ ದಶಕದಲ್ಲಿ ಮಗಳು ನೋರಾ ಈ ಹಾಳೆಗಳನ್ನು ಇಂಗ್ಲೆಂಡಿನ ಗಾಯಕ ಬಿಲ್ಲಿ ಬ್ರ್ಯಾಗ್ ಮುಂದಿಟ್ಟರು. ಬ್ರ್ಯಾಗ್ ಷಿಕಾಗೋದ ವಿಲ್ಕೋ ತಂಡವನ್ನು ಜೊತೆಗೆ ಸೇರಿಸಿಕೊಂಡರು. ಈ ಪದಗಳಿಗೆ ಅವರು ಮಟ್ಟು ಕಟ್ಟಿ ಹಾಡಿದ 'ಮರ್ಮೇಡ್ ಅವೆನ್ಯೂ' ಎಂಬ ಆಲ್ಬಂ 1998ರಲ್ಲಿ ಬಂತು. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಗಥ್ರಿ ಸಂಸಾರ ಹೂಡಿದ್ದ ಬೀದಿಯ ಹೆಸರು ಅದು.

ನೋರಾ ಅವರ ನಿರ್ಧಾರ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ. ಅಪ್ಪನ ಧಾಟಿಯಲ್ಲೇ ಹಾಡಬಲ್ಲವರು ಅಮೆರಿಕದಲ್ಲಿ ಬೇಕಾದಷ್ಟು ಜನ ಇದ್ದರು. ಗಥ್ರಿಯವರೇ ಹಳೆಯ ಮಟ್ಟುಗಳಿಗೆ ಹೊಸ ಪದ ಕಟ್ಟುತ್ತಿದ್ದವರಾದ್ದರಿಂದ, ಅಂಥದೇ ಒಂದು ಮಟ್ಟಿಗೆ ಈ ಪದಗಳನ್ನೂ ಕೂರಿಸಿಬಿಡುವುದು ಕಷ್ಟವಿರಲಿಲ್ಲ. ನೋರಾ ಅವರಿಗೆ ಅದು ಬೇಕಿರಲಿಲ್ಲ. ಹೊಸ ತಲೆಮಾರಿನವರು ತಮ್ಮದೇ ಸಂಗೀತ ಕೊಡಲಿ ಎಂದರು.

ಆ ಆಲ್ಬಂನ 'ಕ್ಯಾಲಿಫೋರ್ನಿಯಾ ಸ್ಟಾರ್ಸ್' ಕೇಳಿ. ದಣಿದ ಜೀವವೊಂದು ನಕ್ಷತ್ರಗಳ ಹಾಸಿಗೆಯ ಮೇಲೆ ಮಲಗಬೇಕೆಂದು ಹಂಬಲಿಸುತ್ತದೆ, ಅಷ್ಟೇ ವಸ್ತು. ಸಂಗೀತ ಕೊಟ್ಟವರು ವಿಲ್ಕೋದ ಜೆಫ್ ಟ್ವೀಡಿ ಮತ್ತು ಜೇ ಬೆನೆಟ್. ಇಡೀ ಹಾಡಿಗೆ ಮೂರೇ ಕಾರ್ಡ್‌ಗಳು. ಅವೇ ಸುತ್ತಿ ಸುತ್ತಿ ಬರುತ್ತವೆ. ಆ ಸುತ್ತಿನಲ್ಲೇ ಮೈ ಸಡಿಲವಾಗಿ ನಿದ್ದೆಗೆ ಜಾರುವ ಸುಖವಿದೆ. ಪದ ಏನು ಕೇಳುತ್ತಿದೆ ಎಂದು ತಾಳ್ಮೆಯಿಂದ ಆಲಿಸಿದವರಿಗೆ ಮಾತ್ರ ಇಷ್ಟು ಕಡಿಮೆ ಮಾಡಲು ಧೈರ್ಯ ಬರುತ್ತದೆ. ಇನ್ನು 'ಇಂಗ್ರಿಡ್ ಬರ್ಗ್‌ಮನ್'. ಚಿತ್ರನಟಿಯ ಮೇಲೆ, ಜ್ವಾಲಾಮುಖಿಯ ನೆಪ ಹಿಡಿದು ಬರೆದ ತುಂಟ ಶೃಂಗಾರ. ಬ್ರ್ಯಾಗ್ ಅದನ್ನು ಗಿಟಾರ್ ಒಂದನ್ನೇ ಹಿಡಿದು, ಮೆಲುದನಿಯಲ್ಲಿ ಹಾಡುತ್ತಾರೆ. ಹೋರಾಟದ ಕವಿ ಎಂದೇ ನಾವು ತಿಳಿದಿದ್ದ ಗಥ್ರಿಯವರ ಇನ್ನೊಂದು ಮುಖ ಇಲ್ಲಿ ಕಾಣುತ್ತದೆ.

ತೀರಿಹೋದವರು ಎದ್ದುಬಂದು 'ಇದು ನನ್ನ ಭಾವವಲ್ಲ' ಎನ್ನಲಾರರು. ಹಾಗಾಗಿ ಸಂಯೋಜಕರ ಹೊಣೆ ಇಮ್ಮಡಿಯಾಗುತ್ತದೆ. ಸಾಲಿನ ಒಳಗೇ ಒಂದು ನಡೆ ಇರುತ್ತದೆ, ಉಸಿರು ನಿಲ್ಲುವ ಜಾಗ ಇರುತ್ತದೆ. ರಾಗ ಚೆನ್ನಾಗಿದೆ ಎಂದು ಅದನ್ನು ಮುರಿಯುವುದು ಅನ್ಯಾಯ.

ಕನ್ನಡದವರಿಗೆ ಈ ಕೆಲಸ ಹೊಸದಲ್ಲ. ಎಷ್ಟೋ ದಾಸರ ಪದಗಳ ಮೂಲ ಧಾಟಿ ನಮಗೆ ಉಳಿದಿಲ್ಲ. ಇವತ್ತು ನಾವು ಕೇಳುವ ರಾಗಗಳು ಅನಂತರದವರು ಕೂರಿಸಿದವು. 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರು ನಗರದ ಮನೆಮನೆಗೂ ಬಂದದ್ದು ಸಿ. ಅಶ್ವತ್ಥ್ ಅವರ ಸಂಗೀತದಿಂದ. ಆದರೆ ನಮ್ಮ ಎಷ್ಟೋ ಕಾರ್ಯಕ್ರಮಗಳಲ್ಲಿ ಗಾಯಕರ ಹೆಸರು ಮಾತ್ರ ಹೇಳಿ, ಸಂಯೋಜಕರ ಹೆಸರೆತ್ತದೆ ಸುಮ್ಮನಾಗಿಬಿಡುತ್ತಾರೆ. ಇಲ್ಲಿ ಕೂತಿರುವ ಗಾಯಕ ಮಿತ್ರರಲ್ಲಿ ನನ್ನದೊಂದು ಕೋರಿಕೆ: ಹಾಡು ಶುರುಮಾಡುವ ಮುಂಚೆ ಸಾಹಿತ್ಯ ಯಾರದು, ರಾಗ ಸಂಯೋಜನೆ ಯಾರದು, ಎರಡೂ ಹೆಸರನ್ನು ದಯವಿಟ್ಟು ಹೇಳಿ.