ಮೊದಲೇ ಬರೆದಿಡಬೇಕಾದ ಲೆಕ್ಕ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಹಾಲಿನ ಸಂಘದ ಬೆಳ್ಳಿಹಬ್ಬದಲ್ಲಿ ಪರಿಸರ, ಆರೋಗ್ಯ ಅಂತ ಮಾತಾಡಲು ನಿಂತರೆ, ಇವರಿಗೆ ಬೇರೆ ವಿಷಯ ಸಿಗಲಿಲ್ಲವೇ ಎಂದು ಕೆಲವರಿಗಾದರೂ ಅನ್ನಿಸೀತು. ಆದರೆ ವಿಷಯ ನಮ್ಮ ಹಟ್ಟಿಯ ಹತ್ತಿರದ್ದೇ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಮ್ಮದೇ ಜಿಲ್ಲೆಯ ಬೆಳ್ತಂಗಡಿ ತಾಲೂಕಿನ ಪಟ್ರಮೆ, ನಿಡ್ಲೆ ಕಡೆ ಕಾಡು ಕಡಿದು ಗೇರು ತೋಟ ಮಾಡಿದರು. ಉದ್ದೇಶ ಕೆಟ್ಟದ್ದೇನೂ ಅಲ್ಲ. ಊರವರಿಗೆ ಕೂಲಿ ಸಿಗ್ತದೆ, ಗೇರುಬೀಜಕ್ಕೆ ಬೆಲೆಯೂ ಉಂಟು. ಆದರೆ 1982-83ರಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಜನ ಜ್ವರದಿಂದ ಮಲಗಿದರು, ಹಲವರು ತೀರಿಹೋದರು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯೇ ಅದು. ಈ ರೋಗವನ್ನು ಹರಡುವುದು ಉಣುಗು. ದಟ್ಟ ಕಾಡನ್ನು ಬಯಲು ಮಾಡಿದಲ್ಲಿ ಪೊದೆ ಬೆಳೆಯುತ್ತದೆ, ದನಗಳು ಮೇಯಲು ನುಗ್ಗುತ್ತವೆ, ದನದ ರಕ್ತ ಕುಡಿದು ಉಣುಗು ಹೆಚ್ಚುತ್ತದೆ. ಸೊಪ್ಪು-ಸೌದೆಗೆ ಹೋದವರ ಮೈಗೆ ಅದೇ ಉಣುಗು ಹತ್ತುತ್ತದೆ. ದನ ಸಾಕುವ ನಾವು ಇದನ್ನು ತಿಳಿದಿರಲೇಬೇಕು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಕಡೆಯ ಗೇರು ತೋಟಗಳಿಗೆ ಹುಳದ ಕಾಟವೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಒಂದೆರಡು ಸಲವಲ್ಲ, ವರ್ಷಗಟ್ಟಲೆ. ಕೆಳಗೆ ಬಾವಿ, ತೋಡು, ಶಾಲೆ, ಮನೆ ಎಲ್ಲವೂ ಇದ್ದವು. ಕೊಕ್ಕಡ, ಪಟ್ರಮೆ, ನಿಡ್ಲೆಯ ಎಷ್ಟೋ ಮನೆಗಳಲ್ಲಿ ಎದ್ದು ನಿಲ್ಲಲಾಗದ ಮಕ್ಕಳನ್ನು ತಾಯಂದಿರು ಮುಪ್ಪಿನ ವರೆಗೂ ಎತ್ತಿ ಸಾಕುವಂತಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ಔಷಧವನ್ನು ದೇಶಾದ್ಯಂತ ತಡೆಹಿಡಿಯಿತು.

ಪರಿಹಾರ ಕೇಳಲು ಹೋದಾಗ ಎದುರಾಗುವ ಪ್ರಶ್ನೆಯೊಂದುಂಟು. ಈ ಕಾಯಿಲೆ ಸಿಂಪಡಣೆಯಿಂದಲೇ ಬಂತೆಂದು ಹೇಗೆ ಹೇಳುತ್ತೀರಿ, ಮೊದಲು ಇರಲಿಲ್ಲವೇ? ಈ ಪ್ರಶ್ನೆಗೆ ಕಣ್ಣೀರಿನಿಂದ ಉತ್ತರ ಕೊಡಲಾಗುವುದಿಲ್ಲ, ಲೆಕ್ಕ ಬೇಕು. ಸಿಂಪಡಣೆಗೆ ಮುಂಚೆ ಬಾವಿಯ ನೀರು ಹೇಗಿತ್ತು, ಎಷ್ಟು ಮಕ್ಕಳು ಆರೋಗ್ಯವಾಗಿ ಹುಟ್ಟುತ್ತಿದ್ದರು ಎಂದು ಬರೆದಿಟ್ಟಿದ್ದರೆ ಉತ್ತರ ಸುಲಭವಿತ್ತು.

ಪರಿಸರ ಪರಿಣಾಮ ಅಧ್ಯಯನ ಎಂಬ ದೊಡ್ಡ ಹೆಸರಿನ ತಿರುಳು ಇಷ್ಟೇ. ಕೆಲಸ ಶುರುವಾಗುವ ಮೊದಲು ಇದ್ದ ಸ್ಥಿತಿಯನ್ನು ಅಳೆದು, ಮುಂದೆ ಏನಾದೀತು ಎಂದು ಅಂದಾಜು ಮಾಡುವುದು. ಕೇಂದ್ರ ಸರ್ಕಾರ 1994ರಲ್ಲಿ ಗಣಿ, ಅಣೆಕಟ್ಟು, ದೊಡ್ಡ ಕಾರ್ಖಾನೆ ಮುಂತಾದವಕ್ಕೆ ಇದನ್ನು ಕಡ್ಡಾಯ ಮಾಡಿತು. 1997ರಲ್ಲಿ ಸಾರ್ವಜನಿಕ ವಿಚಾರಣೆ ಸೇರಿತು, 2006ರಲ್ಲಿ ಹೊಸ ಅಧಿಸೂಚನೆ ಬಂತು. ವಿಚಾರಣೆಗೆ 30 ದಿನ ಮುಂಚೆ ನೋಟೀಸು ಕೊಡಬೇಕು. ವರದಿಯ ಸಾರಾಂಶ ನಮ್ಮ ಭಾಷೆಯಲ್ಲೂ ಇರಬೇಕು. ಅಲ್ಲಿ ಹೋಗಿ ಧೂಳು, ಶಬ್ದ, ಮರಗಳ ಲೆಕ್ಕ ಮಾತ್ರ ಕೇಳಿ ಬರಬಾರದು. ನಮ್ಮ ಆರೋಗ್ಯ ಕೇಂದ್ರದ ಪುಸ್ತಕ ನೋಡಿದ್ದೀರಾ, ಎಷ್ಟು ಬಾವಿಯ ನೀರು ಪರೀಕ್ಷೆ ಮಾಡಿದ್ದೀರಿ ಅಂತ ಕೇಳಬೇಕು. ಆದರೆ ಗೇರು ತೋಟದಂಥ ಕೆಲಸ ಈ ಕಾನೂನಿನ ಪಟ್ಟಿಯಲ್ಲೇ ಇಲ್ಲ. ಅಂಥದ್ದಕ್ಕೆ ಲೆಕ್ಕ ಇಡುವವರು ನಾವೇ.

ಅದು ನಮಗೆ ಕಷ್ಟವೇ? ದಿನಕ್ಕೆ ಎರಡು ಹೊತ್ತು ಪ್ರತಿಯೊಬ್ಬರ ಹಾಲಿನ ಲೀಟರು, ಫ್ಯಾಟು ಬರೆದು 25 ವರ್ಷ ಪುಸ್ತಕ ಇಟ್ಟ ಸಂಘ ಇದು. ಒಂದು ಪಾಯಿಂಟು ಕಡಿಮೆಯಾದರೆ ಕೌಂಟರಿನಲ್ಲಿ ಜಗಳವೇ ಆಗ್ತದೆ! ಹಾಗೆಯೇ ಇನ್ನೊಂದು ಪುಸ್ತಕ ಇಡೋಣ. ಮಳೆಗಾಲಕ್ಕೆ ಮೊದಲು ಮತ್ತು ಆಮೇಲೆ ಕೆಲವು ಬಾವಿಗಳ ನೀರಿನ ಪರೀಕ್ಷೆ, ಕಾಡಂಚಿನಲ್ಲಿ ಸತ್ತ ಮಂಗ ಕಂಡ ದಿನ ಮತ್ತು ಜಾಗ, ಹೆಸರಿಲ್ಲದೆ ಊರಿನ ಜ್ವರ-ಜನನಗಳ ಲೆಕ್ಕ. ಆಶಾ ಕಾರ್ಯಕರ್ತೆಯರು ಜೊತೆಗಿದ್ದರೆ ಕೆಲಸ ಹಗುರ. ಸತ್ತ ಮಂಗನನ್ನು ಮಾತ್ರ ಯಾರೂ ಮುಟ್ಟಬಾರದು, ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಬರುವ ಮಹಾಸಭೆಯಲ್ಲಿ ಇದನ್ನೊಂದು ವಿಷಯವಾಗಿ ಇಡಬೇಕೆಂದು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇವೆ. ಪುಸ್ತಕದ ಖರ್ಚು ಹೆಚ್ಚೇನಿಲ್ಲ, ನೀರಿನ ಪರೀಕ್ಷೆಯ ಖರ್ಚು ಎಷ್ಟೆಂದು ಕಾರ್ಯದರ್ಶಿಗಳು ಅಷ್ಟರೊಳಗೆ ವಿಚಾರಿಸಿಟ್ಟರೆ ಒಳ್ಳೆಯದು.