ಗೋಧಿಯ ಮುನಿಸು, ಪ್ರತಿಕಾಯದ ಮದ್ದು

ಸಣ್ಣ ಕರುಳನ್ನು ಕೆಡಿಸುವ ಸೀಲಿಯಾಕ್ ಕಾಯಿಲೆಯ ಮೂಲ ಗ್ಲುಟೆನ್. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಈ ಪ್ರೋಟೀನೇ ಚಪಾತಿ ಹಿಟ್ಟಿಗೆ ಎಳೆದಷ್ಟೂ ಹಿಗ್ಗುವ ಜಿಗುಟು ಕೊಡುವುದು. ಅಕ್ಕಿ ಹಿಟ್ಟಿಗೆ ಆ ಗುಣವಿಲ್ಲ. ರೊಟ್ಟಿ ಅಂಚಿನಲ್ಲಿ ಬಿರಿಯದಿರಲಿ ಎಂದೇ ಮಲೆನಾಡಿನ ಮನೆಗಳಲ್ಲಿ ಹಿಟ್ಟಿಗೆ ಅನ್ನ ಸೇರಿಸಿ ನಾದುತ್ತಾರೆ, ಇಲ್ಲವೇ ಹಿಟ್ಟನ್ನು ಕುದಿನೀರಲ್ಲಿ ಬೇಯಿಸಿಕೊಳ್ಳುತ್ತಾರೆ.

ಸಕಲೇಶಪುರ, ಆಲೂರಿನ ಕಡೆಯ ಕಡುಬು, ಅಕ್ಕಿ ರೊಟ್ಟಿ, ರಾಗಿಮುದ್ದೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಕಾಯಿಲೆಯ ಹೆಸರು ಇಲ್ಲಿ ಅಪರೂಪವಾಗಿರಲು ಇದೂ ಒಂದು ಕಾರಣ. ದೇಶದ ಮೂರು ಭಾಗಗಳಲ್ಲಿ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಈ ಕಾಯಿಲೆಯ ಪ್ರತಿಕಾಯಗಳು ಉತ್ತರ ಭಾರತದಲ್ಲಿ ಶೇ. 1.23 ಮಂದಿಯ ರಕ್ತದಲ್ಲಿದ್ದರೆ ದಕ್ಷಿಣದಲ್ಲಿ ಶೇ. 0.10 ಮಾತ್ರ. ಆದರೆ ಕಾಯಿಲೆಗೆ ದಾರಿ ಮಾಡುವ ವಂಶವಾಹಿ ದಕ್ಷಿಣದವರಲ್ಲೂ ಉತ್ತರದಷ್ಟೇ ಇತ್ತು, ಸುಮಾರು ಮೂವರಲ್ಲಿ ಒಬ್ಬರಿಗೆ. ವ್ಯತ್ಯಾಸ ಕಂಡದ್ದು ತಟ್ಟೆಯಲ್ಲಿ: ದಿನಕ್ಕೆ ಅಲ್ಲಿ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ. ರಾತ್ರಿಯೂಟಕ್ಕೆ ಚಪಾತಿ, ಪೇಟೆಯಲ್ಲಿ ಪರೋಟ, ಬೇಕರಿಯ ಬನ್ನು ರೂಢಿಯಾಗಿರುವ ಈ ಕಾಲದಲ್ಲಿ ಗಮನಿಸಬೇಕಾದ ಲೆಕ್ಕವಿದು.

ಗ್ಲುಟೆನ್ ಪೂರ್ತಿ ಜೀರ್ಣವಾಗುವುದಿಲ್ಲ. ಉಳಿದ ತುಣುಕು ಸಣ್ಣ ಕರುಳಿನ ಒಳಪದರ ದಾಟಿದಾಗ ಟಿಶ್ಯೂ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವ ಅದನ್ನು ಕೊಂಚ ಮಾರ್ಪಡಿಸುತ್ತದೆ. ಆ ವಂಶವಾಹಿ ಇರುವವರ ಜೀವಕೋಶಗಳ ಮೇಲೆ ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಅಣುವಿರುತ್ತದೆ; ಮಾರ್ಪಟ್ಟ ತುಣುಕು ಅದರ ಬೊಗಸೆಯಲ್ಲಿ ಸರಿಯಾಗಿ ಕೂರುತ್ತದೆ. ಅದನ್ನು ಕಂಡ ರೋಗನಿರೋಧಕ ಟಿ ಕಣಗಳು ಕೆರಳುತ್ತವೆ. ಕರುಳಿನ ಬೆರಳಿನಂಥ ಚಾಚುಗಳು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣದ ಅಂಶ ದೇಹಕ್ಕೆ ಹತ್ತುವುದಿಲ್ಲ. ಎಷ್ಟೋ ಜನರಲ್ಲಿ ಭೇದಿಗಿಂತ ಮೊದಲು ಕಾಣುವುದು ಮಾತ್ರೆಗೆ ಬಗ್ಗದ ರಕ್ತಹೀನತೆ. ಜೊತೆಗೆ ದೇಹ ಆ ಕಿಣ್ವದ ವಿರುದ್ಧವೇ ಪ್ರತಿಕಾಯ ತಯಾರಿಸುತ್ತದೆ. ರೋಗಪತ್ತೆಯ ರಕ್ತಪರೀಕ್ಷೆ ಹುಡುಕುವುದು ಇದನ್ನೇ. ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟರೆ ಪ್ರತಿಕಾಯ ಇಳಿದು ರಕ್ತ ಸುಳ್ಳು ಹೇಳುತ್ತದೆ.

ಇಲ್ಲಿ ರೋಗದ ಗುರುತು ಪ್ರತಿಕಾಯ; ಬೇರೆ ಬಗೆಯ ಪ್ರತಿಕಾಯಗಳನ್ನು ಮದ್ದಾಗಿಸುವ ಪ್ರಯತ್ನ ಈಗ ಹಲವು ದಿಕ್ಕಿನಲ್ಲಿ ನಡೆದಿದೆ. ಕರುಳಿನ ಪದರದ ಬಿಳಿಕಣಗಳನ್ನು ಹುರಿದುಂಬಿಸುವ ಇಂಟರ್‌ಲ್ಯೂಕಿನ್ 15 ಎಂಬ ಸಂದೇಶವಾಹಕವನ್ನು ಹಿಡಿದಿಡುವ ಎಎಂಜಿ 714 ಎಂಬ ಪ್ರತಿಕಾಯದ ಚುಚ್ಚುಮದ್ದನ್ನು ಫಿನ್ಲೆಂಡಿನಲ್ಲಿ ಪರೀಕ್ಷಿಸಿದರು. ರೋಗಿಗಳಿಗೆ ಬೇಕೆಂದೇ ಗ್ಲುಟೆನ್ ತಿನ್ನಿಸಿದ ಆ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು: ಭೇದಿಯಂಥ ತೊಂದರೆ ತಗ್ಗಿತು, ಆದರೆ ಚಾಚುಗಳ ಸವೆತ ತಡೆಯುವ ಮುಖ್ಯ ಗುರಿ ಈಡೇರಲಿಲ್ಲ. ಜಪಾನಿನ ಚುಗಾಯ್ ಕಂಪನಿಯ ಡಾಂಕ್ಯೂ52 ಇನ್ನೂ ಹಿಂದಿನ ಹಂತಕ್ಕೇ ಕೈಹಾಕುತ್ತದೆ. ಡಿಕ್ಯೂ2ರ ಬೊಗಸೆಯಲ್ಲಿ ಗ್ಲುಟೆನ್ ಕೂತಿರುವ ಆ ಜೋಡಿಯನ್ನಷ್ಟೇ ಗುರುತಿಸಿ ಮುಚ್ಚುವುದರಿಂದ ಉಳಿದ ರೋಗನಿರೋಧಕ ಶಕ್ತಿಗೆ ಪೆಟ್ಟಾಗದೆಂಬ ನಿರೀಕ್ಷೆಯಿದೆ.

ಎಲ್ಲಕ್ಕಿಂತ ಸರಳ ಉಪಾಯ ಕೋಳಿಮೊಟ್ಟೆಯದು. ಕೋಳಿಗೆ ಗೋಧಿಯ ಗ್ಲುಟೆನ್‌ನ ಭಾಗವಾದ ಗ್ಲಯಾಡಿನ್ ಚುಚ್ಚಿದರೆ ಅದರ ವಿರುದ್ಧದ ಪ್ರತಿಕಾಯ ಮೊಟ್ಟೆಯ ಹಳದಿಯಲ್ಲಿ ಶೇಖರವಾಗುತ್ತದೆ. ಅದನ್ನು ಕ್ಯಾಪ್ಸೂಲಿಗೆ ತುಂಬಿ ಊಟದ ಜೊತೆ ನುಂಗಿದರೆ ಗ್ಲುಟೆನ್ ಕರುಳಿನ ಗೋಡೆ ಮುಟ್ಟುವ ಮೊದಲೇ ಸಿಕ್ಕಿಬೀಳಬೇಕು. ಇದು ಅರಿವಿಲ್ಲದೆ ಹೊಟ್ಟೆ ಸೇರಿದ ಚೂರುಪಾರಿಗೆ, ಪರೋಟಕ್ಕಲ್ಲ.

ಇವುಗಳಲ್ಲಿ ಯಾವುದೂ ಔಷಧಿ ಅಂಗಡಿಗೆ ಬಂದಿಲ್ಲ. ಸದ್ಯಕ್ಕೆ ಚಿಕಿತ್ಸೆಯೆಂದರೆ ಜೀವನಪೂರ್ತಿ ಪಥ್ಯ. ಅಕ್ಕಿಯೂಟದ ಮನೆಯಲ್ಲಿ ಅದು ಸುಲಭವೆನಿಸಿದರೂ ಒಗ್ಗರಣೆಯ ಇಂಗು ಕೈಕೊಡಬಹುದು: ಅಂಗಡಿಯ ಇಂಗಿಗೆ ಸಾಮಾನ್ಯವಾಗಿ ಗೋಧಿ ಅಥವಾ ಮೈದಾ ಹಿಟ್ಟು ಬೆರೆಸಿರುತ್ತಾರೆ. ಪೊಟ್ಟಣದ ಮೇಲೆ ಗ್ಲುಟೆನ್‌ರಹಿತ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂಬುದು ನಮ್ಮ ದೇಶದ ನಿಯಮ.