ಅನುಮತಿ ಕೇಳದೆ ಒಳಹೊಕ್ಕವರು

(ಯಲಬುರ್ಗಾದಲ್ಲಿ ನಡೆದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಪರರ ಮನೆಯ ಬಾಗಿಲಲ್ಲಿ ನಿಂತು ಸಲಾಮ್ ಹೇಳಿ, ಅನುಮತಿ ಪಡೆದ ಬಳಿಕವೇ ಒಳಗೆ ಕಾಲಿಡಬೇಕೆಂಬುದು ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯವು ನಮಗೆ ಕಲಿಸಿದ ಶಿಷ್ಟಾಚಾರವಾಗಿದೆ. ಪರರ ಗುಟ್ಟುಗಳನ್ನು ಕೆದಕುವುದನ್ನು ಅಲ್ ಹುಜುರಾತ್ ಅಧ್ಯಾಯವು ನಿಷೇಧಿಸಿದೆ. ನಮ್ಮ ಊರುಗಳಲ್ಲಿ ಎಲ್ಲ ಧರ್ಮದವರೂ ಪಾಲಿಸಿಕೊಂಡು ಬಂದ ಮರ್ಯಾದೆಯೂ ಇದೇ. ಬಾಗಿಲು ತೆರೆದಿದ್ದರೂ ನೆರೆಯವರು ಹೊರಗಿನಿಂದ ಕೂಗಿ, ಉತ್ತರ ಬಂದ ಮೇಲೆಯೇ ಒಳಬರುತ್ತಾರೆ. ಆದರೆ ನಮ್ಮ ಜೇಬಿನಲ್ಲಿರುವ ಮೊಬೈಲ್ ಫೋನಿನ ಮೂಲಕ ನಮ್ಮ ಮನೆಯೊಳಗೆ ಬಂದು ಕುಳಿತವರ ಬಗ್ಗೆ ನಾವು ಎಂದಾದರೂ ಆಲೋಚಿಸಿದ್ದೇವೆಯೇ? ಅವರು ಅನುಮತಿ ಕೇಳಿದ್ದರೇ? ಕೇಳಿದ್ದರೆ ನಾವು ಅರ್ಥ ಮಾಡಿಕೊಂಡು ಕೊಟ್ಟಿದ್ದೆವೇ? ಇಂದು ನಾವು ಚರ್ಚಿಸಬೇಕಾದ ವಿಷಯ ಇದು.

ಮೊದಲು ಈ ವ್ಯವಹಾರ ನಡೆಯುವ ಬಗೆಯನ್ನು ತಿಳಿದುಕೊಳ್ಳೋಣ. ನಾವು ಬಳಸುವ ಅನೇಕ ಆ್ಯಪ್‌ಗಳಿಗೆ ನಾವು ಹಣ ಕೊಡುವುದಿಲ್ಲ. ಅವುಗಳ ಆದಾಯ ಜಾಹೀರಾತಿನಿಂದ ಬರುತ್ತದೆ. ಯಾರಿಗೆ ಯಾವ ಜಾಹೀರಾತು ತೋರಿಸಬೇಕೆಂದು ತಿಳಿಯಲು ಆ ವ್ಯಕ್ತಿಯ ವಿವರ ಬೇಕು. ಇದಕ್ಕಾಗಿಯೇ ಪ್ರತಿ ಸ್ಮಾರ್ಟ್‌ಫೋನಿಗೂ ಅಂಕೆ ಅಕ್ಷರಗಳ ಒಂದು ಜಾಹೀರಾತು ಗುರುತನ್ನು ನೀಡಲಾಗಿರುತ್ತದೆ. ಅದರಲ್ಲಿ ನಮ್ಮ ಹೆಸರು ಇರುವುದಿಲ್ಲ. ಆದರೆ ಬೆಳಿಗ್ಗೆ ಆಟದ ಆ್ಯಪ್‌ನಲ್ಲಿ ಕಂಡ ಗುರುತೇ ಮಧ್ಯಾಹ್ನ ಖರೀದಿಯ ಆ್ಯಪ್‌ನಲ್ಲಿಯೂ ರಾತ್ರಿ ಆರೋಗ್ಯದ ಆ್ಯಪ್‌ನಲ್ಲಿಯೂ ಕಾಣಿಸಿಕೊಂಡಾಗ, ಮೂರನ್ನೂ ಜೋಡಿಸುವ ಕಂಪೆನಿಗೆ ನಮ್ಮ ದಿನಚರಿ ತಿಳಿದುಬಿಡುತ್ತದೆ. ಫೋನ್ ರಾತ್ರಿಯೆಲ್ಲಾ ಯಾವ ಸ್ಥಳದಲ್ಲಿರುತ್ತದೋ ಅದು ಮನೆ, ಹಗಲು ಎಲ್ಲಿರುತ್ತದೋ ಅದು ಅಂಗಡಿ ಅಥವಾ ಶಾಲೆ, ಶುಕ್ರವಾರ ಮಧ್ಯಾಹ್ನ ಎಲ್ಲಿರುತ್ತದೋ ಅದು ಮಸೀದಿ. ಇಷ್ಟು ತಿಳಿದವರಿಗೆ ಹೆಸರಿನ ಅಗತ್ಯವಾದರೂ ಏನು?

ಇದು ಎಲ್ಲೋ ದೂರದ ದೇಶದವರ ಚಿಂತೆ ಎಂದು ಭಾವಿಸುವವರಿಗೆ ಒಂದು ಘಟನೆಯನ್ನು ನೆನಪಿಸಬೇಕಾಗಿದೆ. ನಮಾಝಿನ ವೇಳೆ ಮತ್ತು ಕಿಬ್ಲಾದ ದಿಕ್ಕನ್ನು ತಿಳಿಸುವ 'ಮುಸ್ಲಿಮ್ ಪ್ರೊ' ಎಂಬ ಆ್ಯಪ್ ಜಗತ್ತಿನಾದ್ಯಂತ ಕೋಟ್ಯಂತರ ಮಂದಿಯ ಫೋನಿನಲ್ಲಿತ್ತು. ಆ ಆ್ಯಪ್ ತನ್ನ ಬಳಕೆದಾರರು ಇರುವ ಸ್ಥಳದ ಮಾಹಿತಿಯನ್ನು 'ಎಕ್ಸ್-ಮೋಡ್' ಎಂಬ ಅಮೆರಿಕನ್ ಕಂಪೆನಿಗೆ ನೀಡುತ್ತಿತ್ತೆಂದೂ ಆ ಕಂಪೆನಿಯಿಂದ ಅಂತಹ ಮಾಹಿತಿಯು ಅಮೆರಿಕದ ಸೇನೆಯ ಗುತ್ತಿಗೆದಾರರಿಗೆ ಮಾರಾಟವಾಗುತ್ತಿತ್ತೆಂದೂ 2020ರ ನವೆಂಬರ್‌ನಲ್ಲಿ 'ಮದರ್‌ಬೋರ್ಡ್' ಪತ್ರಿಕೆ ಬಹಿರಂಗಪಡಿಸಿತು. ತಾನು ಸೇನೆಗೆ ಏನನ್ನೂ ಮಾರಿಲ್ಲವೆಂದು 'ಮುಸ್ಲಿಮ್ ಪ್ರೊ' ಸ್ಪಷ್ಟೀಕರಣ ನೀಡಿತಾದರೂ ಎಕ್ಸ್-ಮೋಡ್ ಜೊತೆಗಿನ ಸಂಬಂಧವನ್ನು ಕಡಿದುಕೊಂಡಿತು. 2021ರ ಜನವರಿಯಲ್ಲಿ 'ಸಲಾತ್ ಫಸ್ಟ್' ಎಂಬ ಇನ್ನೊಂದು ನಮಾಝ್ ಆ್ಯಪ್‌ನ ಬಗ್ಗೆಯೂ ಇಂಥದೇ ವರದಿ ಬಂತು. ಕೊನೆಗೆ 2024ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಆಸ್ಪತ್ರೆ ಹಾಗೂ ಆರಾಧನಾಲಯಗಳಂತಹ ಸೂಕ್ಷ್ಮ ಸ್ಥಳಗಳ ಮಾಹಿತಿಯನ್ನು ಮಾರದಂತೆ ಆ ಕಂಪೆನಿಯನ್ನು ನಿರ್ಬಂಧಿಸಿತು.

ಸಹೋದರರೇ, ಇದರಲ್ಲಿ ಕಳ್ಳತನದ ಲಕ್ಷಣವೇನೂ ಇರಲಿಲ್ಲ ಎಂಬುದೇ ನಾವು ಗಮನಿಸಬೇಕಾದ ಅಂಶ. ಯಾರೂ ಬೀಗ ಮುರಿಯಲಿಲ್ಲ. ಕಿಬ್ಲಾ ತೋರಿಸಲು ಸ್ಥಳ ತಿಳಿಯಬೇಕೆಂದು ಆ್ಯಪ್ ಕೇಳಿತು, ಜನರು ಒಪ್ಪಿದರು. ಒಂದು ಉದ್ದೇಶಕ್ಕೆಂದು ಕೊಟ್ಟದ್ದು ಮತ್ತೊಂದು ಉದ್ದೇಶಕ್ಕೆ ಕೈಬದಲಾಯಿತು. ನಂಬಿ ಕೊಟ್ಟದ್ದನ್ನು ನಾವು ಅಮಾನತ್ ಎನ್ನುತ್ತೇವೆ. ಅದನ್ನು ಒಡೆಯನಿಗೆ ತಿಳಿಸದೆ ಮಾರುವುದಕ್ಕೆ ಏನೆನ್ನುತ್ತಾರೆಂದು ಇಲ್ಲಿರುವ ಮಕ್ಕಳೂ ಬಲ್ಲರು.

"ನಾವೇನು ತಪ್ಪು ಮಾಡಿದ್ದೇವೆ? ನಮ್ಮಲ್ಲಿ ಮುಚ್ಚಿಡುವಂಥದ್ದು ಏನಿದೆ?" ಎಂದು ಕೆಲವರು ಕೇಳುವುದುಂಟು. ತಪ್ಪು ಮಾಡಿದವನು ಮಾತ್ರ ಮನೆಗೆ ಬಾಗಿಲು ಇಡುತ್ತಾನೆಯೇ? ಮಗಳ ಸಂಬಂಧದ ಮಾತುಕತೆ, ತಾಯಿಯ ಕಾಯಿಲೆ, ಅಂಗಡಿಯ ಸಾಲ, ಇವು ಯಾವುವೂ ಅಪರಾಧಗಳಲ್ಲ. ಆದರೂ ಅವು ಬೀದಿಯಲ್ಲಿ ಚರ್ಚೆಯಾಗುವುದನ್ನು ಯಾವ ಕುಟುಂಬವೂ ಸಹಿಸದು. ಸಾಲದಲ್ಲಿರುವವನಿಗೆ ಮತ್ತಷ್ಟು ಸಾಲದ ಜಾಹೀರಾತನ್ನು, ರೋಗಿಗೆ ನಕಲಿ ಮದ್ದಿನ ಜಾಹೀರಾತನ್ನು ಗುರಿಯಿಟ್ಟು ಕಳಿಸಲು ಸಾಧ್ಯವಾಗುವುದು ಇಂತಹ ವಿವರಗಳಿಂದಲೇ.

ಈ ಹಿಂಬಾಲಿಸುವಿಕೆಗೆ ತಡೆಯೊಡ್ಡುವ ಪ್ರಯತ್ನಗಳೂ ನಡೆದಿವೆ. 2021ರ ಎಪ್ರಿಲ್‌ನಲ್ಲಿ ಆ್ಯಪಲ್ ಕಂಪೆನಿಯು ತನ್ನ ಐಫೋನುಗಳಲ್ಲಿ ಒಂದು ನಿಯಮ ತಂದಿತು. ಇತರ ಕಂಪೆನಿಗಳ ಆ್ಯಪ್ ಮತ್ತು ಜಾಲತಾಣಗಳಲ್ಲಿ ನಮ್ಮನ್ನು ಹಿಂಬಾಲಿಸಬಯಸುವ ಆ್ಯಪ್ ಮೊದಲು ನಮ್ಮ ಒಪ್ಪಿಗೆ ಕೇಳಬೇಕು, ಬೇಡವೆಂದರೆ ಜಾಹೀರಾತು ಗುರುತು ಅದಕ್ಕೆ ಸಿಗದು. ಫೇಸ್‌ಬುಕ್ ಇದನ್ನು ತೀವ್ರವಾಗಿ ವಿರೋಧಿಸಿತು. ಸಣ್ಣ ವ್ಯಾಪಾರಿಗಳಿಗೆ ನಷ್ಟವಾಗುತ್ತದೆಂದು ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ನೀಡಿತು. ಈ ನಿಯಮದಿಂದಾಗಿ 2022ರಲ್ಲಿ ತನ್ನ ಆದಾಯ ಸುಮಾರು 1,000 ಕೋಟಿ ಡಾಲರಿನಷ್ಟು ಕುಗ್ಗಬಹುದೆಂದು ಆ ಕಂಪೆನಿಯೇ ಅಂದಾಜಿಸಿತು. ಸಣ್ಣ ವ್ಯಾಪಾರಿಯ ಮಾತನ್ನು ತಳ್ಳಿಹಾಕುವಂತಿಲ್ಲ. ಕಡಿಮೆ ಖರ್ಚಿನಲ್ಲಿ ಗಿರಾಕಿಯನ್ನು ತಲುಪುವ ಅನುಕೂಲ ಅವನಿಗೂ ಬೇಕು. ಆದರೆ ಕೇವಲ ಕೇಳಿ ಪಡೆಯಿರಿ ಎಂದ ಮಾತ್ರಕ್ಕೆ ಇಷ್ಟೊಂದು ಆದಾಯ ಕುಸಿಯುವುದಾದರೆ, ಅಲ್ಲಿಯವರೆಗೆ ಕೇಳದೆ ಪಡೆದದ್ದು ಎಷ್ಟಿರಬೇಡ?

ಹಾಗೆಂದು ಆ್ಯಪಲ್ ಕಂಪೆನಿಯನ್ನು ಜನರ ರಕ್ಷಕನೆಂದು ಹೊಗಳಬೇಕಾಗಿಲ್ಲ. ಈ ನಿಯಮವನ್ನು ಜಾರಿಗೊಳಿಸಿದ ರೀತಿಯು ತನ್ನ ಮಾರುಕಟ್ಟೆ ಪ್ರಾಬಲ್ಯದ ದುರುಪಯೋಗವೆಂದು ಫ್ರಾನ್ಸಿನ ಸ್ಪರ್ಧಾ ಪ್ರಾಧಿಕಾರವು 2025ರ ಮಾರ್ಚ್‌ನಲ್ಲಿ ಅದಕ್ಕೆ 15 ಕೋಟಿ ಯೂರೋ ದಂಡ ವಿಧಿಸಿತು. ನಮ್ಮ ಊರುಗಳಲ್ಲಿ ಬಹುಪಾಲು ಮಂದಿಯ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು. ಅದರ ಒಡೆಯನಾದ ಗೂಗಲ್ ಸ್ವತಃ ಜಾಹೀರಾತಿನಿಂದ ಬದುಕುವ ಕಂಪೆನಿ. ಆಂಡ್ರಾಯ್ಡ್‌ಗಾಗಿ ಖಾಸಗಿತನದ ಹೊಸ ವ್ಯವಸ್ಥೆ ತರುವುದಾಗಿ ಅದು 2022ರಲ್ಲಿ ಘೋಷಿಸಿ, 2025ರ ಅಕ್ಟೋಬರ್‌ನಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಕಂಪೆನಿಯ ನಿಯಮ ಕಂಪೆನಿಯ ಲಾಭವಿರುವ ತನಕ. ಪ್ರಜೆಗೆ ಬೇಕಾದುದು ದೇಶದ ಕಾನೂನು.

ಆ ಕಾನೂನಿನ ಹಾದಿ ತೆರೆದವರು ನಮ್ಮ ನಾಡಿನವರೇ ಎಂಬುದು ಕನ್ನಡಿಗರೆಲ್ಲರೂ ಹೆಮ್ಮೆಪಡಬೇಕಾದ ಸಂಗತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿದರು. ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ಕೇಂದ್ರ ಸರಕಾರವು ವಾದಿಸಿತು. 2017ರ ಆಗಸ್ಟ್ 24ರಂದು 9 ನ್ಯಾಯಾಧೀಶರ ಪೀಠವು ಅದು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ಆ ಒಂಬತ್ತು ಮಂದಿಯಲ್ಲಿ ಮೂಡುಬಿದಿರೆ ಬಳಿಯ ಬೆಳುವಾಯಿಯ ನ್ಯಾಯಮೂರ್ತಿ ಎಸ್. ಅಬ್ದುಲ್ ನಝೀರ್ ಅವರೂ ಇದ್ದರು. 2024ರ ಅಕ್ಟೋಬರ್‌ನಲ್ಲಿ ಪುಟ್ಟಸ್ವಾಮಿಯವರು ನಿಧನರಾದರು. ಎಂಬತ್ತಾರರ ವಯಸ್ಸಿನಲ್ಲಿ ಅವರು ಕೇಳಿದ ಪ್ರಶ್ನೆಯ ಫಲವನ್ನು ಈ ದೇಶದ ಪ್ರತಿಯೊಬ್ಬನೂ ಇಂದು ಉಣ್ಣುತ್ತಿದ್ದಾನೆ.

ಮಾಹಿತಿ ರಕ್ಷಣೆಯ ಕಾನೂನು ಹೇಗಿರಬೇಕೆಂದು ಸೂಚಿಸಲು ನೇಮಕವಾದ ಸಮಿತಿಯ ಅಧ್ಯಕ್ಷರಾಗಿದ್ದವರು ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ. 1992-93ರ ಮುಂಬೈ ಗಲಭೆಯ ತನಿಖಾ ವರದಿಯಿಂದ ನಮ್ಮ ಓದುಗರೆಲ್ಲರಿಗೂ ಪರಿಚಿತವಾದ ಹೆಸರದು. ಅವರ ಸಮಿತಿ 2018ರಲ್ಲಿ ವರದಿ ನೀಡಿತು. 2019ರಲ್ಲಿ ಮಂಡನೆಯಾದ ಮಸೂದೆಯನ್ನು 2022ರಲ್ಲಿ ಹಿಂದಕ್ಕೆ ಪಡೆಯಲಾಯಿತು. ಕೊನೆಗೆ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆ ಬಂತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಕಂಪೆನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಅಂದರೆ 2027ರ ಮೇ.

ಈ ಕಾಯಿದೆಯಲ್ಲಿ ನಮಗೆ ದಕ್ಕಿದ್ದೇನು? ಒಪ್ಪಿಗೆಯು ಮುಕ್ತವೂ ಸ್ಪಷ್ಟವೂ ಆಗಿರಬೇಕು, ಯಾವ ಉದ್ದೇಶಕ್ಕೆಂದು ತಿಳಿಸಿಯೇ ಪಡೆಯಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು. ಸಂವಿಧಾನದ 8ನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ, ಎಂದರೆ ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ, ಸೂಚನೆಯನ್ನು ಓದುವ ಅವಕಾಶವಿರಬೇಕು. 18 ವರ್ಷದೊಳಗಿನ ಮಕ್ಕಳ ಮಾಹಿತಿ ಪಡೆಯಲು ಹೆತ್ತವರ ಒಪ್ಪಿಗೆ ಬೇಕು. ಮಕ್ಕಳನ್ನು ಹಿಂಬಾಲಿಸುವುದನ್ನೂ ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನೂ ಕಾಯಿದೆ ನಿಷೇಧಿಸುತ್ತದೆ. ಉಲ್ಲಂಘನೆಗೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಬಹುದು.

ಕೊರತೆಗಳನ್ನೂ ಹೇಳಬೇಕು. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಕೇಂದ್ರ ಸರಕಾರವು ತನಗೆ ಬೇಕಾದ ಸರಕಾರಿ ಸಂಸ್ಥೆಯನ್ನು ಈ ಕಾಯಿದೆಯಿಂದಲೇ ಹೊರಗಿಡಬಹುದು. ವ್ಯಾಪಾರಿಯ ಕಣ್ಣಿಗೆ ಪಟ್ಟಿ ಕಟ್ಟಿದ ಪ್ರಭುತ್ವವು ತನ್ನ ಕಣ್ಣನ್ನು ಮಾತ್ರ ತೆರೆದೇ ಇಟ್ಟುಕೊಂಡಿದೆ. ದಂಡದ ಹಣ ಭಾರತದ ಸಂಚಿತ ನಿಧಿಗೆ ಸೇರುತ್ತದೆ, ಹಾನಿಗೊಳಗಾದವನಿಗೆ ಪರಿಹಾರವೆಂಬುದು ಇದರಲ್ಲಿಲ್ಲ. ಇದೇ ಕಾಯಿದೆಯ ಮೂಲಕ ಮಾಹಿತಿ ಹಕ್ಕು ಕಾಯಿದೆಗೂ ತಿದ್ದುಪಡಿ ತಂದು, ವೈಯಕ್ತಿಕ ಮಾಹಿತಿಯೆಂಬ ಕಾರಣಕ್ಕೆ ಅಧಿಕಾರಿಗಳು ಉತ್ತರ ನಿರಾಕರಿಸುವುದನ್ನು ಸುಲಭಗೊಳಿಸಲಾಗಿದೆ. ಪ್ರಜೆಯ ಖಾಸಗಿತನದ ಹೆಸರಿನಲ್ಲಿ ಅಧಿಕಾರಸ್ಥರಿಗೆ ಪರದೆ ಹಾಕುವುದು ನ್ಯಾಯವೇ? ಈ ಪ್ರಶ್ನೆಯನ್ನು ನಾವು ಕೇಳುತ್ತಲೇ ಇರಬೇಕು.

ಆದರೆ ಸರಕಾರವನ್ನು ಕೇಳಿ ಸುಮ್ಮನಾದರೆ ಸಾಲದು. ಅತ್ಯಂತ ದೊಡ್ಡ ಬಿರುಕು ನಮ್ಮ ಮನೆಗಳಲ್ಲಿಯೇ ಇದೆ. ಯಲಬುರ್ಗಾ, ಕುಷ್ಟಗಿ, ಗಂಗಾವತಿಯ ಎಷ್ಟೋ ಮನೆಗಳಲ್ಲಿ ಒಂದೇ ಫೋನನ್ನು ನಾಲ್ಕೈದು ಮಂದಿ ಬಳಸುತ್ತಾರೆ. ತಾಯಿ ಮಾತ್ರೆಯ ಹೆಸರು ಹುಡುಕುತ್ತಾಳೆ, ಮಗಳು ಪಾಠ ನೋಡುತ್ತಾಳೆ, ಸಣ್ಣವನು ಆಟವಾಡುತ್ತಾನೆ. ಜಾಹೀರಾತು ಕಂಪೆನಿಗೆ ಇವರೆಲ್ಲರೂ ಒಬ್ಬನೇ ವ್ಯಕ್ತಿ! ಮಕ್ಕಳಿಗೆಂದು ಕಾಯಿದೆ ಕಟ್ಟಿದ ಬೇಲಿಯೂ ಇಲ್ಲಿ ವ್ಯರ್ಥವಾಗುತ್ತದೆ. ತಂದೆಯ ಹೆಸರಿನ ಫೋನಿನಲ್ಲಿ, ತಂದೆಯ ಖಾತೆಯಲ್ಲಿ ಆಡುತ್ತಿರುವ ಹತ್ತು ವರ್ಷದ ಹುಡುಗನನ್ನು ಕಂಪೆನಿಯ ಲೆಕ್ಕವು ನಲವತ್ತು ವರ್ಷದ ಗಂಡಸೆಂದೇ ಬರೆದುಕೊಳ್ಳುತ್ತದೆ. ಹೊಸ ಆ್ಯಪ್ ಹಾಕುವಾಗ ಬರುವ ಪ್ರಶ್ನೆಗಳಿಗೆಲ್ಲಾ 'ಅಲೌ' ಎಂದು ಒತ್ತುವವನೂ ಹೆಚ್ಚಾಗಿ ಅದೇ ಹುಡುಗ. ಇಡೀ ಮನೆಯ ಪರವಾಗಿ ಅನುಮತಿ ಕೊಡುವ ಯಜಮಾನಿಕೆಯನ್ನು ನಾವು ಅವನ ಬೆರಳಿಗೆ ವಹಿಸಿದ್ದೇವೆ.

ಇದರ ಅತಿ ಕ್ರೂರ ರೂಪವನ್ನು ಸಾಲದ ಆ್ಯಪ್‌ಗಳಲ್ಲಿ ಕಂಡಿದ್ದೇವೆ. ಅವು ಫೋನಿನಲ್ಲಿರುವ ಸಂಪರ್ಕಗಳ ಪಟ್ಟಿಯನ್ನೂ ಫೋಟೋಗಳನ್ನೂ ಬಾಚಿಕೊಂಡು, ಕಂತು ತಪ್ಪಿದೊಡನೆ ಬಂಧುಗಳಿಗೆಲ್ಲ ಕರೆ ಮಾಡಿ ಮಾನ ಕಳೆದವು. ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿ, ಕರೆಗಳ ವಿವರ, ಫೋಟೋ ಮುಂತಾದುವನ್ನು ಮುಟ್ಟಕೂಡದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. 2023ರ ಮೇ 31ರಿಂದ ಗೂಗಲ್ ಕೂಡಾ ಪ್ಲೇ ಸ್ಟೋರಿನ ಸಾಲದ ಆ್ಯಪ್‌ಗಳಿಗೆ ಇದೇ ನಿರ್ಬಂಧ ಹಾಕಿತು. ಬಡ್ಡಿಯ ಕೇಡಿನ ಬಗ್ಗೆ ನಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಆ ಬಡ್ಡಿಗೆ ಮನೆಯವರ ಮಾನವನ್ನೇ ಒತ್ತೆ ಇಡಿಸಿಕೊಂಡದ್ದು ಒಂದು 'ಅಲೌ' ಗುಂಡಿ ಎಂಬುದು ಮಾತ್ರ ಹೊಸತು.

ಹಾಗಾದರೆ ನಾವೇನು ಮಾಡಬಹುದು? ಫೋನನ್ನು ಎಸೆಯಿರೆಂದು ನಾವು ಹೇಳುವುದಿಲ್ಲ. ವಿದ್ಯೆ, ವ್ಯಾಪಾರ, ಮಂಗಳೂರಿಗೋ ಗೋವಾಕ್ಕೋ ದುಡಿಯಲು ಹೋದವರ ದನಿ, ಎಲ್ಲವೂ ಅದರಲ್ಲಿಯೇ ಇದೆ. ಇಂದು ರಾತ್ರಿ ಮನೆಗೆ ಹೋಗಿ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ತೆರೆಯಿರಿ. ಗೂಗಲ್ ಅಥವಾ ಪ್ರೈವೆಸಿ ವಿಭಾಗದೊಳಗೆ 'ಆ್ಯಡ್ಸ್' ಎಂಬಲ್ಲಿ ಜಾಹೀರಾತು ಗುರುತನ್ನು ಅಳಿಸುವ ಆಯ್ಕೆಯಿದೆ, ಅದನ್ನು ಅಳಿಸಿರಿ. ಐಫೋನ್ ಇದ್ದವರು 'ಟ್ರ್ಯಾಕಿಂಗ್' ಎಂಬಲ್ಲಿ ಆ್ಯಪ್‌ಗಳು ಕೇಳುವುದನ್ನೇ ನಿಲ್ಲಿಸಬಹುದು. ಬಳಿಕ ಸ್ಥಳ, ಸಂಪರ್ಕ, ಮೈಕ್, ಕ್ಯಾಮರಾಗಳ ಅನುಮತಿ ಯಾವ ಆ್ಯಪ್‌ಗೆ ಇದೆಯೆಂದು ಒಂದೊಂದಾಗಿ ನೋಡಿರಿ. ಟಾರ್ಚಿನ ಆ್ಯಪ್‌ಗೆ ಸಂಪರ್ಕ ಪಟ್ಟಿ ಏಕೆ ಬೇಕು? ನಮಾಝ್ ಆ್ಯಪ್‌ನಲ್ಲಿ ಊರಿನ ಹೆಸರು ಆರಿಸುವ ಸೌಲಭ್ಯವಿದ್ದರೆ, ಸದಾ ನಮ್ಮ ಸ್ಥಳವನ್ನು ತಿಳಿಸುತ್ತಿರುವ ಅಗತ್ಯವಿಲ್ಲ. ಮಸೀದಿಯ ಗೋಡೆಯ ಮೇಲಿನ ವೇಳಾಪಟ್ಟಿಯಂತೂ ಯಾರ ಗುಟ್ಟನ್ನೂ ಮಾರುವುದಿಲ್ಲ.

ಜಮಾಅತ್‌ಗಳಿಗೂ ಒಂದು ಹೊಣೆಯಿದೆ. ನಮ್ಮಲ್ಲಿ ಕಾಲೇಜು ಓದುತ್ತಿರುವ ಹುಡುಗ ಹುಡುಗಿಯರಿದ್ದಾರೆ. ವಾರಕ್ಕೊಂದು ಸಂಜೆ ಅವರು ಮೊಹಲ್ಲಾದ ಹಿರಿಯರ ಮತ್ತು ತಾಯಂದಿರ ಫೋನುಗಳನ್ನು ಪರಿಶೀಲಿಸಿ ಅವರಿಗೆ ತಿಳಿಹೇಳುವ ಏರ್ಪಾಡು ಮಾಡಬೇಕು. ವಿದ್ಯಾರ್ಥಿವೇತನ, ಝಕಾತ್, ಸಮೀಕ್ಷೆ ಎಂದು ನಮ್ಮ ಸಂಘ ಸಂಸ್ಥೆಗಳು ಬಡವರ ಆಧಾರ್ ಪ್ರತಿ, ಫೋಟೋ, ಫೋನ್ ಸಂಖ್ಯೆ ಸಂಗ್ರಹಿಸುತ್ತವೆ. ಆ ಪಟ್ಟಿಗಳನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿಯಬಿಟ್ಟು, ಕಂಪೆನಿಗಳನ್ನು ದೂರುವ ನೈತಿಕ ಹಕ್ಕು ನಮಗೆಲ್ಲಿರುತ್ತದೆ? ಸಹಾಯ ಪಡೆದವನ ಮಾನವೂ ಅಮಾನತ್ತೇ.

2027ರ ಮೇ ತಿಂಗಳಲ್ಲಿ ಕಾಯಿದೆ ಪೂರ್ಣವಾಗಿ ಜಾರಿಗೆ ಬಂದ ಬಳಿಕ ಕನ್ನಡದಲ್ಲಿ, ಉರ್ದುವಿನಲ್ಲಿ ಸೂಚನೆ ಕೊಡದ ಕಂಪೆನಿಯನ್ನು ನಾವು ಪ್ರಶ್ನಿಸಬೇಕು. ಅಲ್ಲಿಯವರೆಗೆ ಓದಲು, ಅರಿಯಲು, ಅರ್ಥವಾಗದಿದ್ದರೆ ಬೇಡವೆನ್ನಲು ಕಲಿಯೋಣ. ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂಬ ಮಾತು ಈಗ ಕಾನೂನಿನ ಬೆಂಬಲ ಪಡೆದಿದೆ. ಅದು ಮೊದಲು ನಮ್ಮ ಮನೆಗಳಲ್ಲಿ ಅಭ್ಯಾಸವಾಗಲಿ.